ಯಾರ ಕೈಯ ಮೊಳ

ಖಂಡಪ್ಪನ ಬಲಗೈ ಹನ್ನೊಂದು ವರ್ಷದಿಂದ ಅವನದಾಗಿರಲಿಲ್ಲ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಅದು ಸೋಲಾಪುರದ ಶಾಂತಪ್ಪ ಸಾವಕಾರನದು. ಉಳಿದ ಮೈಯೆಲ್ಲ ಖಂಡಪ್ಪನದೇ. ಆ ಮೈಯ ಗೊಡವೆ ಸಾವಕಾರನಿಗೆ ಬೇಕಾಗಿರಲಿಲ್ಲ.

ಮೊದಲ ದಿನವೇ ಅವನು ನೋಡಿದ್ದು ಕೈಯನ್ನು. ಇಪ್ಪತ್ತೆರಡರ ಖಂಡಪ್ಪ ಚಪಳಗಾಂವದಿಂದ ಅಪ್ಪನ ಜೊತೆ ಕಂಬಳಿ ಹೊತ್ತು ಬಂದಿದ್ದ. ಆರೂವರೆ ಫೂಟಿನ ಆಳು. ಚೌಕಟ್ಟಿಗೆ ತಲೆ ಬಡಿಯಬಾರದೆಂದು ಬಗ್ಗಿ ನಿಂತಿದ್ದ. ಗಾದಿಯ ಮೇಲೆ ಒರಗಿದ್ದ ಶಾಂತಪ್ಪ ಎದ್ದು ಕೂತ. ಹೋರಿ ಕೊಳ್ಳುವವನು ಹಲ್ಲು ನೋಡುವ ಹಾಗೆ ನೋಡಿದ. 'ಕೈ ಚಾಚು' ಅಂದ. ಚಾಚಿದ. ಮೊಣಕೈಗೆ ಟೇಪಿನ ತುದಿ ಒತ್ತಿ ಬೆರಳಿನ ತುದಿಗೆ ಎಳೆದು ನೋಡಿ, ತನ್ನಷ್ಟಕ್ಕೆ ನಕ್ಕ.

'ನಾಳಿಂದ ಬಾ. ನೌಕರಿ ಐತಿ. ಒಂದ ಶರತ್ತು. ಆ ನಡುಬೆರಳಿನ ಉಗುರು ತಗೀಬ್ಯಾಡ.'

ಮಗನಿಗೆ ಪೇಟೆಯ ನೌಕರಿ ಸಿಕ್ಕಿತೆಂದು ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೈ ಮುಗಿದ. ಏನು ನೌಕರಿ ಅಂತ ಕೇಳಲಿಲ್ಲ.

ನೌಕರಿ ಇಷ್ಟೇ. ಅಕ್ಕಲಕೋಟ ತಾಲೂಕಿನ ಕುರುಬರು ಕಂಬಳಿ ತಂದಾಗ ಅಳೆಯುವುದು. ಮೊಳ ಹಾಕಿ ಅಳೆಯುವುದು. ಮೊಳ ಅಂದರೆ ಎರಡು ಗೇಣು. ಇಪ್ಪತ್ತನಾಲ್ಕು ಬೆರಳಗಲ. ಟೇಪಿನಲ್ಲಿ ಹದಿನೆಂಟು ಇಂಚು. ಕಂಬಳಿ ಏಳು ಮೊಳ ಇರಬೇಕು, ಅದು ಹಿರಿಯರಿಂದ ಬಂದ ಮಾತು. ಖಂಡಪ್ಪನ ಮೊಳ ಉಗುರು ಸೇರಿ ಇಪ್ಪತ್ತೊಂದು ಇಂಚು. ಏಳು ಮೊಳದ ಕಂಬಳಿ ಅವನ ಕೈಗೆ ಬಂದರೆ ಆರು. ಆರು ಅಂದರೆ ಅದಕ್ಕೆ ಕಂಬಳಿ ಅನ್ನುವ ಹೆಸರಿಲ್ಲ. ಅದು ತುಂಡು. ತುಂಡಿಗೆ ಅರ್ಧ ರೇಟು.

ಅಳೆಯುವುದು ಅಂಗಡಿಯ ಹಿಂದಿನ ಬೋಳದಲ್ಲಿ, ಅಂದರೆ ಇಕ್ಕಟ್ಟಾದ ಸಂದಿಯಲ್ಲಿ, ಗಟಾರದ ಪಕ್ಕದ ಹಾಸುಗಲ್ಲಿನ ಮೇಲೆ. ಕುರುಬರು ಮುಂಬಾಗಿಲಿಗೆ ಬರಬಾರದು. ಉಣ್ಣೆ ನಾತ ಹೊಡೆಯುತ್ತದೆ, ಗಿರಾಕಿಗಳು ಮೂಗು ಮುಚ್ಚುತ್ತಾರೆ. ನೀರು ಕೇಳಿದರೆ ಪ್ಲಾಸ್ಟಿಕ್ ಜಗ್ಗಿನಿಂದ ಎತ್ತರದಿಂದ ಬೊಗಸೆಗೆ. ಅದೇ ಕಂಬಳಿ ಎರಡು ನೀರು ಕಂಡು, ಕೊರಳಿಗೊಂದು ಚೀಟಿ ಕಟ್ಟಿಸಿಕೊಂಡರೆ ಗಾಜಿನ ಶೋರೂಮಿನಲ್ಲಿ ಎ.ಸಿ. ಗಾಳಿಗೆ ಮಲಗುತ್ತಿತ್ತು. ಆಗ ನಾತ ಎಲ್ಲಿಗೆ ಹೋಗುತ್ತಿತ್ತೋ ಸಾವಕಾರನೇ ಬಲ್ಲ.

ಶೋರೂಮಿನಲ್ಲಿ ಮೊಳ ಇರಲಿಲ್ಲ. ಅಲ್ಲಿ ಸರಕಾರದ ಸಿಕ್ಕಾ ಬಿದ್ದ ಸ್ಟೀಲಿನ ಮೀಟರ್ ಕೋಲು. ಮುಂದಿನ ಬಾಗಿಲಿಗೆ ಮೀಟರು, ಹಿಂದಿನ ಬಾಗಿಲಿಗೆ ಖಂಡಪ್ಪ. ಅಳತೆ ತಪಾಸಣೆಯ ಸಾಹೇಬರು ಬರುವ ದಿನ ಸಾವಕಾರ ಕೋಲನ್ನು ಒರೆಸಿ ಹಣದ ಗಲ್ಲೆಯ ಮೇಲೆ ಇಡುತ್ತಿದ್ದ. ಖಂಡಪ್ಪನಿಗೆ, 'ಹೋಗಲೇ, ಸಂಜಿತನಕ ಎಸ್ಟಿ ಬಸ್‌ಸ್ಟ್ಯಾಂಡಿನ್ಯಾಗ ಕುಂತು ಬಾ' ಅನ್ನುತ್ತಿದ್ದ. ಖೊಟ್ಟಿ ತೂಕದ ಕಲ್ಲನ್ನು ಮುಚ್ಚಿಡುವ ಹಾಗೆ ಆಳನ್ನೇ ಮುಚ್ಚಿಡುತ್ತಿದ್ದ.

ಆ ಉಗುರಿನ ಕಥೆ ಹೇಳಿದರೆ ನಗು ಬರಬೇಕು. ಖಂಡಪ್ಪನಿಗೆ ಬರುತ್ತಿರಲಿಲ್ಲ. ಅದನ್ನಿಟ್ಟುಕೊಂಡು ರೊಟ್ಟಿ ಮುರಿಯಲಿಕ್ಕೆ ಆಗುತ್ತಿರಲಿಲ್ಲ. ಕುರಿಯ ಕಾಲು ಹಿಡಿಯಲಿಕ್ಕೆ ಆಗುತ್ತಿರಲಿಲ್ಲ. ಹೆಂಡತಿ ದೀಪಾಲಿ ತಾಟು ಮುಂದಿಡುವಾಗ ದಿನಾ ಕೇಳುತ್ತಿದ್ದಳು: 'ಮೊದಲ ಉಗುರಿಗಿ ಉಣಸಲ್ಯೋ, ನಿಮಗ ಹಾಕಲ್ಯೋ?' ಒಮ್ಮೆ ಗಂಟು ಎತ್ತುವಾಗ ಅದು ಮುರಿದೇ ಹೋಯಿತು. ಶಾಂತಪ್ಪ ಬೈಯಲಿಲ್ಲ. ಆತ ಬೈಯುವ ಮನುಷ್ಯನಲ್ಲ, ಪ್ರತಿ ಗುರುವಾರ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಕಾರಿನಲ್ಲಿ ಹೋಗಿ ಬರುವ ಭಕ್ತ. ಶಾಂತವಾಗಿಯೇ ಹೇಳಿದ: 'ಇರಲಿ ಬಿಡು. ಉಗುರು ಇದ್ದಿದ್ರ ಎಲ್ಲೀಗಿ ಬರತಿತ್ತೋ, ಅಲ್ಲೀತನಕ ಅಳಿ.'

ಇಲ್ಲದ ಉಗುರಿನಿಂದ ಖಂಡಪ್ಪ ಎರಡು ತಿಂಗಳು ಅಳೆದ.

ಚಪಳಗಾಂವದಲ್ಲಿ ಅವನ ಅಕ್ಕ ಜನಾಬಾಯಿ. ಮಗ್ಗದ ಕುಣಿಗೆ ಗಂಡಸರೇ ಇಳಿಯಬೇಕೆಂಬುದು ಕುರುಬರ ಓಣಿಯ ರೂಢಿ, ಹೆಂಗಸರಿಗೆ ಹಿಂಜುವುದು, ನೂಲುವುದು. ಗಂಡ ಸತ್ತ ಮೂರನೇ ತಿಂಗಳಿಗೆ ಜನಾಬಾಯಿ ಸೀರೆ ಕಚ್ಚೆ ಹಾಕಿ ಕುಣಿಗೆ ಇಳಿದಳು. ಓಣಿ ಆಡಿಕೊಂಡಿತು. ಆಡಿಕೊಂಡವರು ಯಾರೂ ಅವಳ ಮನೆಗೆ ಹಿಟ್ಟು ತಂದು ಹಾಕಲಿಲ್ಲ. ಒಂದು ಕಂಬಳಿಗೆ ಹನ್ನೆರಡು ಹದಿಮೂರು ಕುರಿಯ ಉಣ್ಣೆ. ಹಿಂಜಿ ಹಿಂಜಿ ಎದೆಯಲ್ಲಿ ಕೂದಲು ಕೂತು ಕೆಮ್ಮು. ನೂತು ನೂತು ತೊಡೆಯ ಚರ್ಮ ದಡ್ಡು. ಹುಣಸೆ ಬೀಜ ಹುರಿದು, ಕುಟ್ಟಿ, ಕುದಿಸಿ, ಆ ಅಂಟು ಸರಿಯನ್ನು ಹಾಸಿನ ಎಳೆಗಳಿಗೆ ಬಳಿದು ಬಿಸಿಲಲ್ಲಿ ಬ್ರಷ್ ಎಳೆಯಬೇಕು. ಆಮೇಲೆ ಕುಣಿ. ಮೊಣಕಾಲು ಹಿಡಿದುಕೊಂಡರೆ ಎದ್ದು ಬರಲಿಕ್ಕೆ ಇಬ್ಬರು ರಟ್ಟೆ ಹಿಡಿಯಬೇಕು.

ಅಂಥ ಕಂಬಳಿಗೆ ಅವಳ ತಮ್ಮನೇ ಬಗ್ಗಿ ಕೈ ಹಾಕಿ, 'ಆರು' ಅಂದಿದ್ದ. ಹನ್ನೊಂದು ವರ್ಷದ ಹಿಂದೆ, ಅವಳ ಮುಖ ನೋಡದೆ.

ಓಣಿಯವರು ಜಗಳ ಕಾಯಲಿಲ್ಲ. ಅವರು ಮಾಡಿದ್ದು ಅವರಂಥವರು ಮಾತ್ರ ಮಾಡುವ ತಪ್ಪು. ಕೈಯಲ್ಲಿ ಸುಳ್ಳಿರುತ್ತದೆ ಅಂತ ಅವರಿಗೆ ಹೊಳೆಯಲೇ ಇಲ್ಲ. ತಮ್ಮ ಮೊಳವೇ ಗಿಡ್ಡ ಅಂದುಕೊಂಡರು. ಖಂಡಪ್ಪ ಹಬ್ಬಕ್ಕೆ ಊರಿಗೆ ಬಂದಾಗ ಅವನ ಕೈ ಹಿಡಿದು ಅದರ ಉದ್ದಕ್ಕೆ ಒಂದೊಂದು ಬಾರಿಗಿಡದ ಕೋಲು ಕತ್ತರಿಸಿಕೊಂಡರು. ಮನೆಗೊಂದು ಕೋಲು. ಅದರಿಂದ ಅಳೆದು ನೇಯ್ದರು. ಸಾವಕಾರ ಏಳು ಅಂತ ಒಪ್ಪಿಕೊಂಡ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರಿಗೆ ಅದೇ ಮೊಳ. ಒಂದು ಊರಿಗೆ ಊರೇ ತನ್ನ ಕೈಯನ್ನು ಬಿಟ್ಟು ಸಾವಕಾರನ ಆಳಿನ ಕೈಯಿಂದ ಅಳೆಯಲಿಕ್ಕೆ ಕಲಿಯಿತು.

ಉದ್ದದಲ್ಲಿ ಹೆಚ್ಚಾದದ್ದನ್ನು ಶೋರೂಮಿನಲ್ಲಿ ಕತ್ತರಿಸುತ್ತಿದ್ದರು. ಆ ಪಟ್ಟಿಯಿಂದ ಶಾಂತಪ್ಪನ ಸೊಸೆ ಪ್ರಾಜಕ್ತಾ ಹೆಗಲಚೀಲ ಹೊಲಿಸಿ ಪುಣೆಗೆ ಕಳಿಸುತ್ತಿದ್ದಳು.

ಈ ವರ್ಷ ಬೀರಪ್ಪನಿಗೆ ಕಂಬಳಿ ಹಾಸುವ ವರ್ಷ. ಹನ್ನೆರಡು ವರ್ಷಕ್ಕೊಮ್ಮೆ ದೇವರ ಕಟ್ಟೆಗೆ ಹೊಸ ಕಂಬಳಿ, ಏಳು ಮೊಳದ್ದು. ಕಟ್ಟೆಯನ್ನು ಕಟ್ಟಿದ್ದೇ ಅಷ್ಟು ಉದ್ದಕ್ಕೆ. ಹಿಂದಿನದು ಹಾಸಿದಾಗ ಖಂಡಪ್ಪ ಇನ್ನೂ ಕುರಿ ಕಾಯುತ್ತಿದ್ದ. ಈ ಸಲ ನೇಯುವ ಪಾಳಿ ಜನಾಬಾಯಿಯದು. ಉಪವಾಸ ಇದ್ದು ನೇಯ್ದಳು. ಕೋಲು ಹಿಡಿದು ಏಳು ಸಲ ಅಳೆದಳು.

ಪೂಜಾರಿ ಅಮೋಗಸಿದ್ಧ ಡೊಳ್ಳಿನ ಹಾಡಿನವನು, ಎಂಬತ್ತರ ಹತ್ತಿರದ ಮುದುಕ. ಅವನು ಹಾಡು ಹಿಡಿಯುತ್ತಿದ್ದಂತೆ ಕಂಬಳಿ ಹಾಸಿದರು. ಅದು ಕಟ್ಟೆ ತುಂಬಿ, ಅಂಚು ದಾಟಿ, ಮೆಟ್ಟಿಲ ಮೇಲೆ ಇಳಿದು ಮಣ್ಣಿಗೆ ಬಿತ್ತು.

'ಬೀರಪ್ಪ ಸಣ್ಣಾವ ಆಗ್ಯಾನೋ, ಜನಾಬಾಯಿಗಿ ಕಣ್ಣ ಮಂಜಾಗ್ಯಾವೋ?' ಅಂದಳು ನೆರೆಮನೆಯ ಲಕ್ಷ್ಮೀಬಾಯಿ. ಎಲ್ಲರೂ ನಕ್ಕರು.

ಜನಾಬಾಯಿ ನಗಲಿಲ್ಲ. ಗುಡಿಯ ಹೊಸ್ತಿಲಗಲ್ಲಿನ ಮೇಲೆ ಹಳೆಯವರು ಕಡೆದ ಎರಡು ಗೀರು ಇದ್ದವು. ಒಂದು ಗೀರಿನಿಂದ ಇನ್ನೊಂದಕ್ಕೆ ಒಂದು ಮೊಳ. ಯಾರೂ ಅದನ್ನು ನೋಡುವುದು ಬಿಟ್ಟು ಎಷ್ಟೋ ಕಾಲ ಆಗಿತ್ತು. ಅರಿಸಿನ ತುಂಬಿ ಮುಚ್ಚಿದ್ದ ಗೀರನ್ನು ಅವಳು ಸೆರಗಿನಿಂದ ತಿಕ್ಕಿದಳು. ತನ್ನ ಕೋಲು ಇಟ್ಟಳು. ಕೋಲು ಆಚೆ ಹೋಯಿತು.

ನಗು ನಿಂತಿತು.

'ತಮ್ಮಾ, ಕೈ ತಾ ಇಲ್ಲಿ' ಅಂದಳು.

ಕಂಬಳಿ ಹಾಸುವುದಕ್ಕೆಂದು ಊರಿಗೆ ಬಂದಿದ್ದ ಖಂಡಪ್ಪ ಕೂತು ಕೈ ಇಟ್ಟ. ಊರು ಬಗ್ಗಿ ನೋಡಿತು. ಗೀರು ದಾಟಿ ನಾಲ್ಕು ಬೆರಳು ಹೊರಗೆ.

'ಗೊತ್ತಿತ್ತ ನಿನಗ?'

'ಉಗುರು ಅಷ್ಟ ಅಂತ ತಿಳದಿದ್ದೆ ಅಕ್ಕಾ.'

'ಉಗುರು ಒಂದ ಬೆರಳು. ಉಳದ ಮೂರು ಯಾರದು?'

'ಅವು ಅವ್ವ ಕೊಟ್ಟದ್ದು.'

ಜನಾಬಾಯಿ ಕೋಲನ್ನು ಕಲ್ಲಿಗೂ ಕಂಬಳಿಗೂ ಮತ್ತೆ ಮತ್ತೆ ಇಟ್ಟು ನೋಡಿದಳು. ಅವಳಿಗೆ ಓದು ಬರದು, ಎಣಿಕೆ ಬರುತ್ತದೆ. ಬಹಳ ಹೊತ್ತಾದ ಮೇಲೆ ತಲೆ ಎತ್ತಿದಳು. 'ಆರ ಕಂಬಳಿ ನೇದ್ರ ಏಳನೇದು ಅವಗ ಪುಕ್ಕಟ. ಮನಿಮನಿದೂ. ಹನ್ನೊಂದು ವರ್ಷ.'

ಅಮೋಗಸಿದ್ಧ ಡೊಳ್ಳಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. 'ನಾ ಹಾಡಿದ್ದೂ ಏಳು, ನಮ್ಮಪ್ಪ ಹಾಡಿದ್ದೂ ಏಳು' ಅಂದ. 'ಬೀರಪ್ಪ ಹಂಗ ಅದಾನ. ಕೈ ಕೆಟ್ಟಾವ.'

ಯಾರೂ ಖಂಡಪ್ಪನಿಗೆ ಬೈಯಲಿಲ್ಲ. ಬೈದಿದ್ದರೆ ಉಂಡು ಮಲಗಬಹುದಿತ್ತು. ದೀಪಾಲಿ ಕೂಡ ಆ ದಿನ ಉಗುರಿನ ಮಾತು ಎತ್ತದೆ ತಾಟು ಇಟ್ಟು ಹೋದಳು.

ಮರುದಿನ ಅವನು ಸೋಲಾಪುರಕ್ಕೆ, ಕೆಲಸಕ್ಕೆ ಹೋದ. ಹೋಗದಿದ್ದರೆ ಹೊಟ್ಟೆ? ಮೂರು ವಾರ ಅಳೆದ. ನಾಗಣಸೂರದವರು ಬಂದರು, ಕಂದಲಗಾಂವದವರು ಬಂದರು. ಅವರಿಗೆ ಗೀರಿನ ಸುದ್ದಿ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು. ಕಂದಲಗಾಂವದ ಒಬ್ಬ ಮುದುಕ 'ಆರ ಏನಪಾ? ಇನ್ನೊಮ್ಮಿ ನೋಡ ಮಗನ' ಅಂದ. ಇನ್ನೊಮ್ಮೆ ಅಳೆದು ಇನ್ನೊಮ್ಮೆ ಆರು ಅಂದ. ಮುದುಕ ನಂಬಿ, ತುಂಡಿನ ರೇಟು ತಗೊಂಡು, ಬೊಗಸೆಯಲ್ಲಿ ನೀರು ಕುಡಿದು ಹೋದ. ಜಗ್ಗಿನಲ್ಲಿ ಉಳಿದ ನೀರಿನಿಂದ ಖಂಡಪ್ಪ ತನ್ನ ಬಲಗೈಯನ್ನು ತಿಕ್ಕಿ ತಿಕ್ಕಿ ತೊಳೆದ.

ನಾಲ್ಕನೇ ವಾರ ಜನಾಬಾಯಿ ಬಂದಳು. ಜೊತೆಗೆ ಲಕ್ಷ್ಮೀಬಾಯಿ. ಇಬ್ಬರ ತಲೆಯ ಮೇಲೆ ಎರಡು ಗಂಟು, ಇಡೀ ಓಣಿಯ ಹನ್ನೆರಡು ಕಂಬಳಿ. ಎಲ್ಲವೂ ಗುಡಿಯ ಗೀರಿನ ಅಳತೆಗೆ ನೇಯ್ದವು. ಪ್ರಾಜಕ್ತಾಳ ಮಾಲು ಅವತ್ತೇ ಪುಣೆಯ ಪ್ರದರ್ಶನಕ್ಕೆ ಹೊರಡುವುದಿತ್ತು, ಹನ್ನೆರಡು ಕಂಬಳಿಗಾಗಿ ಟೆಂಪೋ ಕಾದು ನಿಂತಿತ್ತು. ಶಾಂತಪ್ಪ ಹಿಂಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತ. ಬೋಳಕ್ಕೆ ಇಳಿಯಲಿಲ್ಲ. ಇಳಿಯುತ್ತಲೂ ಇರಲಿಲ್ಲ.

'ಹಾಕಲೇ ಖಂಡ್ಯಾ.'

ಖಂಡಪ್ಪ ಮೊದಲನೆಯದನ್ನು ಬಿಚ್ಚಿ ಮೊಣಕಾಲೂರಿದ. ಮೊಣಕೈ ಊರಿ, ಬೆರಳು ಚಾಚಿ, ಗುರುತು ಹಿಡಿದು, ಮತ್ತೆ ಊರಿ ಹೋದ. ಆರು.

'ಆರು' ಅಂದ ಶಾಂತಪ್ಪ. 'ಏನಬೇ ಜನಾಬಾಯಿ, ಈ ಸಲ ಉಣ್ಣಿ ಉಳಸೂದ ಕಲತೇನು? ಮುಪ್ಪಿನ್ಯಾಗ ಕಳ್ಳತನಾ?'

'ಕಳ್ಳತನಾ ಆಗೇದ ಖರೆರಿ, ಸಾವಕಾರ್ರ. ಯಾರದಂತ ನೋಡೂಣು. ಆ ಒಳಗಿನ ಸರಕಾರದ ಕೋಲು ತರಸ್ರಿ.'

ಶಾಂತಪ್ಪ ನಕ್ಕ. ಹೊಟ್ಟೆ ಮೊದಲು ನಕ್ಕಿತು, ಬಾಯಿ ಆಮೇಲೆ. 'ಅದು ಮೀಟರ ಬಾಯಿ. ಮೂರು ಮೀಟರು ಇಪ್ಪತ್ತು ಅಂದ್ರ ತಿಳೀತೈತೇನು ನಿನಗ?'

'ಏಳ ಮೊಳ ಅಂತ ತಿಳೀತೈತಿ. ಬಸ್‌ಸ್ಟ್ಯಾಂಡಿನ್ಯಾಗ ದರ್ಜಿ ಕಡೆ ಟೇಪ ಇಡಿಸೇ ಬಂದೀನಿ.'

ಸಾವಕಾರನ ನಗು ಅರ್ಧಕ್ಕೆ ನಿಂತಿತು. ದನಿ ಮೆತ್ತಗಾಯಿತು. ಮೋಸ ಮಾಡುವವನ ದನಿ ಮೆತ್ತಗಾದಷ್ಟು ಭಕ್ತನ ದನಿಯೂ ಆಗುವುದಿಲ್ಲ. 'ಹಂಗಲ್ಲವಾ. ಕಂಬಳಿ ಅಂದ್ರ ಬೀರಪ್ಪನ ಸಾಮಾನು. ಅದಕ್ಕ ಕಬ್ಬಿಣ ಮುಟ್ಟಸಬಾರದು. ಕೈಯಳತಿ ನಿಮ್ಮ ಹಿರ್ಯಾರ ಪರಂಪರಾ. ಅದನ್ನ ನಾ ಮುರೀಲೇನು? ನನಗ ಪಾಪ ಬರೂದಿಲ್ಲೇನು?'

'ಬೀರಪ್ಪನ ಅಳತೀನೂ ನೋಡೇ ಬಂದೀನ್ರಿ' ಅಂದಳು ಜನಾಬಾಯಿ. 'ಅವಂದು ಹೊಸ್ತಿಲಗಲ್ಲಿನ ಮ್ಯಾಲ ಐತಿ. ಅವಗ ಉಗುರಿಲ್ಲ.'

ಲಕ್ಷ್ಮೀಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು.

'ಎರಡನೇದು ಅಳಿಯೋ' ಎಂದು ಶಾಂತಪ್ಪ ಖಂಡಪ್ಪನಿಗೆ ಗದರಿದ. ಹೆಂಗಸಿನ ಜೊತೆ ಮಾತು ಬೆಳೆಸುವುದು ಅವನಿಗೆ ಬೇಕಿರಲಿಲ್ಲ.

ಖಂಡಪ್ಪ ಎರಡನೆಯದನ್ನು ಬಿಚ್ಚಿದ. ಅಕ್ಕನ ಕೈಯ ನೇಯ್ಗೆ, ಅವನಿಗೆ ಗುರುತು ಸಿಗುತ್ತಿತ್ತು. ಅಂಚಿನಲ್ಲಿ ಎಳೆ ಬಿಗಿ. ಮೊಣಕೈ ಊರಿದ. ಬೆರಳು ಚಾಚಬೇಕು. ಹನ್ನೊಂದು ವರ್ಷ ಹೇಳಿಸಿಕೊಳ್ಳದೆಯೇ ಚಾಚಿದ್ದವು. ಅವನು ಅವನ್ನು ಒಂದೊಂದಾಗಿ ಒಳಗೆ ಮಡಚಿದ. ಮುಷ್ಟಿ ಕಟ್ಟಿದ. ಉದ್ದ ಉಗುರು ಅಂಗೈಗೆ ಒತ್ತಿತು. ಬಿಡಲಿಲ್ಲ.

ಮುಷ್ಟಿಯ ತುದಿಗೆ ಗುರುತು ಇಟ್ಟು ಅಳೆಯುತ್ತ ಹೋದ. 'ಒಂದು. ಎರಡು. ಮೂರು.'

'ಏ. ಬೆರಳ ಚಾಚೋ.'

'ನಾಕು. ಐದು.'

'ಖಂಡ್ಯಾ, ಕಿವಿ ಸತ್ತಾವೇನು? ಬೆರಳ ಚಾಚು ಅಂದ್ನಿ.'

'ಚಾಚೂದಿಲ್ರಿ.' ಅವನು ತಲೆ ಎತ್ತಲಿಲ್ಲ. ದನಿಯನ್ನೂ ಎತ್ತಲಿಲ್ಲ. 'ಮುಷ್ಟಿ ಮೊಳಾನೂ ಮೊಳಾನರಿ. ನಮ್ಮಜ್ಜ ಹಗ್ಗ ಅಳೀತಿದ್ದದ್ದು ಹಿಂಗನ. ಆರು. ಏಳು. ಏಳೂವರಿ.'

ಕಂಬಳಿಯ ಕೊನೆಯಲ್ಲಿ ಅವನು ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ರಕ್ತ ಬಂದಿತ್ತು. ಕಂಬಳಿಗೆ ತಾಗದಂತೆ ಅದನ್ನು ತನ್ನ ಪೈಜಾಮಕ್ಕೆ ಒರೆಸಿಕೊಂಡ.

'ಆತು. ನಿನ್ನ ನೌಕರಿ ಇಲ್ಲೀಗಿ ಆತು' ಅಂದ ಶಾಂತಪ್ಪ. ಕುರ್ಚಿಯ ಕೈ ಹಿಡಿದಿದ್ದ ಅವನ ಬೆರಳುಗಳು ಬಿಳಚಿದವು. 'ಗುಡ್ಡದಾಗ ಕುರಿ ಕಾಯವನ್ನ ಕರಕೊಂಡ ಬಂದು ಪೇಟಿ ಮನಷಾ ಮಾಡಿದ್ನಲ್ಲ, ನನ್ನ ಬುದ್ಧಿಗಿ ಹೊಡೀಬೇಕು. ನೀ ಇರದಿದ್ರ ಅಂಗಡಿ ನಿಂದರತೈತಿ ಅಂದ್ಕೊಂಡಿಯೇನು? ಇಂಥಾ ಕೈ ಹತ್ತು ಸಿಗತಾವ ಮಗನ. ಯಾರ ಕೈಯಾದ್ರೇನು. ಮೊಳ ಅಂದ್ರ ಮೊಳಾನ.'

'ಯಾರದಾದ್ರೂ ನಡೀತೈತಿ?' ಜನಾಬಾಯಿ ಕೇಳಿದಳು.

'ನಡೀತೈತಿ. ಯಾಕ ನಡ್ಯಾಂಗಿಲ್ಲ?'

'ಹಂಗಾರ ನಿಮ್ಮದ ಹಾಕ್ರಿ.'

ಬೋಳದ ಆಚೆ ಬದಿಗೆ ಚಾದರಿನ ಗಂಟು ಕಟ್ಟುತ್ತಿದ್ದ ಮೂವರು ಹಮಾಲರು ಕೈ ಬಿಟ್ಟು ನಿಂತರು. ಒಬ್ಬ ಬೀಡಿ ಹಚ್ಚಿದ.

'ನಂದ?' ಅಂದ ಶಾಂತಪ್ಪ.

'ನಿಮಗೂ ಕೈ ಐತಲ್ರಿ. ಇಲ್ಲಾ ಕೋಲು ತರ್ರಿ. ಎರಡರಾಗ ಒಂದು. ಮೂರನೇದ್ದು ಅಂದ್ರ ಇಗೋ.' ಅವಳು ಬಗ್ಗಿ ಮೊದಲನೆಯ ಕಂಬಳಿಯನ್ನು ಸುತ್ತತೊಡಗಿದಳು. ಲಕ್ಷ್ಮೀಬಾಯಿ ಗಂಟಿನ ಅರಿವೆ ಹರವಿದಳು. ಖಂಡಪ್ಪ ಎದ್ದು ಅಕ್ಕನ ಕಡೆಗೆ ನಿಂತ. ನೆಟ್ಟಗೆ ನಿಂತ. ಆ ಬೋಳದಲ್ಲಿ ಅವನ ಪೂರಾ ಎತ್ತರವನ್ನು ಯಾರೂ ನೋಡಿರಲಿಲ್ಲ.

ಒಳಗಿನಿಂದ ಪ್ರಾಜಕ್ತಾ ಬಂದಳು. ಕೈಯಲ್ಲಿ ಮೊಬೈಲು, ಮೂಗಿಗೆ ಕರವಸ್ತ್ರ. 'ಮಾಮಾ, ಟೆಂಪೋ ಬಂದು ಅರ್ಧಾ ತಾಸ ಆತು. ಲವಕರ, ಜಲ್ದಿ ಮಾಡ್ರಿ. ನನಗ ಹನ್ನೆರಡೂ ಪಾಹಿಜೇತ, ಬೇಕ ಬೇಕು.' ಕಂಬಳಿ ಸುತ್ತುತ್ತಿದ್ದವರನ್ನು ನೋಡಿದಳು. 'ಹೇ ಕಾಯ್? ವಾಪಸ ಯಾಕ ಒಯ್ಯಾಕತ್ತಾರ?'

ಶಾಂತಪ್ಪ ಸೊಸೆಯನ್ನು ನೋಡಿದ. ಹಮಾಲರನ್ನು ನೋಡಿದ. ಗಾಜಿನ ಆಚೆ ಗಲ್ಲೆಯ ಮೇಲೆ ಹೊಳೆಯುತ್ತಿದ್ದ ಕೋಲನ್ನು ನೋಡಿದ. ಅದು ಒಂದು ಸಲ ಈ ಕಲ್ಲಿನ ಮೇಲೆ ಬಿದ್ದರೆ ನಾಳೆ ನಾಗಣಸೂರ ಕೇಳುತ್ತದೆ, ನಾಡಿದ್ದು ಕಂದಲಗಾಂವ ಕೇಳುತ್ತದೆ. ಆಮೇಲೆ ಹಿಂಬಾಗಿಲಿಗೆ ಅರ್ಥವೇ ಇರುವುದಿಲ್ಲ. ಕೈಯಾದರೆ ಒಂದು ದಿನದ ಮಾತು. ನಾಳೆ ಇನ್ನೊಬ್ಬ ಉದ್ದ ಕೈಯವನನ್ನು ಹುಡುಕಬಹುದು. ಇಷ್ಟೆಲ್ಲ ಅವನ ಮುಖದ ಮೇಲೆ ಓಡಾಡಿತು. ಅಕ್ಷರ ಬಾರದ ಜನಾಬಾಯಿ ಅದನ್ನು ಪೂರ್ತಿ ಓದಿದಳು.

ಅವನು ಕುರ್ಚಿಯಿಂದ ಎದ್ದ. ಧೋತರ ಎತ್ತಿ ಹಿಡಿದು ಮೆಟ್ಟಿಲು ಇಳಿದ. ಗಟಾರದ ನೀರು ತಪ್ಪಿಸಲಿಕ್ಕೆ ಹೋಗಿ ಚಪ್ಪಲಿ ಅದರಲ್ಲೇ ಇಟ್ಟ.

'ಚಪ್ಪಲಿ ಬಿಡ್ರಿ' ಅಂದಳು ಲಕ್ಷ್ಮೀಬಾಯಿ. 'ಬೀರಪ್ಪನ ಸಾಮಾನರಿ ಅದು. ನೀವ ಅಂದ್ರಿ.'

ಬಿಟ್ಟ. ಜನಾಬಾಯಿ ಮೂರನೆಯ ಕಂಬಳಿಯನ್ನು ಕಲ್ಲಿನ ಮೇಲೆ ಉದ್ದಕ್ಕೆ ಹರವಿದಳು. ಶಾಂತಪ್ಪ ಒಂದು ಮೊಣಕಾಲು ಊರಿದ, ಇನ್ನೊಂದು ಊರಲಿಕ್ಕೆ ಹೊಟ್ಟೆ ಬಿಡಲಿಲ್ಲ. ಕೊನೆಗೆ ಎರಡೂ ಊರಿ, ಒಂದು ಕೈ ನೆಲಕ್ಕೆ ಕೊಟ್ಟು, ಕುರಿಯ ಹಾಗೆ ನಿಂತ. ಬಿಳಿ ಅಂಗಿಯ ತೋಳು ಏರಿಸಿ ಮೊಣಕೈ ಊರಿದ. ಗಾದಿ ಮೇಲೆ ಬೆಳೆದ ಕೈ. ಮೆತ್ತಗೆ, ಗಿಡ್ಡಗೆ. ಉಂಗುರದ ಬೆರಳುಗಳನ್ನು ಎಷ್ಟು ಎಳೆದು ಚಾಚಿದರೂ ಅದು ಖಂಡಪ್ಪನ ಮುಷ್ಟಿಯ ಆಚೆಗೆ ಹೋಗುವಂಥದ್ದಲ್ಲ.

'ಒಂದು' ಅಂದಳು ಜನಾಬಾಯಿ. ದೇವರ ಮುಂದೆ ಎಣಿಸುವ ದನಿಯಲ್ಲಿ, ನಿಧಾನವಾಗಿ.

ಅವನು ಮುಂದಕ್ಕೆ ತೆವಳಿದ. 'ಎರಡು.' ಉಣ್ಣೆಯ ಕೂದಲು ಮೂಗಿಗೆ ಹೋಗಿ ಸೀನಿದ. 'ಮೂರು.' ಪ್ರಾಜಕ್ತಾ ಮೊಬೈಲನ್ನು ಕೆಳಗಿಳಿಸಿದಳು. 'ನಾಕು.' ಧೋತರದ ಅಂಚು ಗಟಾರಕ್ಕೆ ಬಿತ್ತು. 'ಐದು.' ಹಮಾಲರಲ್ಲಿ ಒಬ್ಬ ಜನಾಬಾಯಿಯ ಜೊತೆ ಎಣಿಸಲಿಕ್ಕೆ ಶುರುಮಾಡಿದ. 'ಆರು.' ಮೂವರೂ ಎಣಿಸಿದರು. 'ಏಳು.'

ಶಾಂತಪ್ಪ ಅಲ್ಲಿಗೆ ನಿಂತ. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಖಂಡಪ್ಪನ ಕಡೆಗೆ ಕೈ ನೀಡಿದ, ಎಬ್ಬಿಸು ಎಂಬಂತೆ.

ಖಂಡಪ್ಪ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಕಲ್ಲಿನ ಮೇಲೆ ಸಾವಕಾರನ ಬೆರಳಿನ ಮುಂದೆ ಕಂಬಳಿ ಇನ್ನೂ ಒಂದು ಗೇಣಿಗೂ ಹೆಚ್ಚು ಉಳಿದಿತ್ತು.

'ಇನ್ನ ಐತ್ರಿ ಸಾವಕಾರ್ರ' ಅಂದಳು ಜನಾಬಾಯಿ. 'ಬಗ್ಗರಿ.'